ಕರಿ ಅತ್ತರಿನ ಆಪಾ

ನಮ್ಮ ಸ್ಟಾಫ್ ರೂಮಿಗೆ ಹೊಸಬರು ಯಾರು ಬಂದರೂ ನಾನು ಮೊದಲೇ ಎಚ್ಚರಿಸುತ್ತಿದ್ದೆ: ಆಪಾ ಕೈ ಕೇಳಿದರೆ ಕೊಟ್ಟುಬಿಡಿ. ಹಸ್ತ ನೋಡಿ ಭವಿಷ್ಯ ಹೇಳುವವರಲ್ಲ ಅವರು. ಮಣಿಕಟ್ಟಿಗೆ ಒಂದು ಹನಿ ಅತ್ತರು ಹಚ್ಚಿ, ತಮ್ಮ ಗಣಿತದ ಕ್ಲಾಸು ಮುಗಿಸಿಕೊಂಡು ಬಂದು, ಮತ್ತೆ ನಿಮ್ಮ ಕೈ ಎತ್ತಿ ಮೂಸಿ ನೋಡುತ್ತಾರೆ, ಅಷ್ಟೇ. ಯಾಕೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನಾನೂ ಕೇಳಿ ಸೋತವಳೇ.

ಹೋದ ತಿಂಗಳು ಆಪಾ ನಿವೃತ್ತರಾದರು. ಹುಮನಾಬಾದಿನ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಶಾಲು, ಹಾರ, ಫೋಟೋ ಎಲ್ಲ ಆಯಿತು. ಮೈಕು ಹಿಡಿದವರೆಲ್ಲ ಸಮಯಪಾಲನೆ ಅಂದರು, ಶಿಸ್ತು ಅಂದರು, ಮತ್ತೆ ಸಮಯಪಾಲನೆ ಅಂದರು. ನನ್ನನ್ನೂ ಎಬ್ಬಿಸಿದರು. ಊರಿಗೆಲ್ಲ ಬಾಯಿಬಡುಕಿ ಎಂದು ಹೆಸರಾದ ನಾನು ಮೈಕಿನ ಮುಂದೆ ನಿಂತು 'ಆಪಾ ಆರೋಗ್ಯವಾಗಿರಲಿ' ಎಂದಷ್ಟೇ ಹೇಳಿ ಕೂತೆ. ಹೇಳಬೇಕಾಗಿದ್ದದ್ದು ಬೇರೆಯೇ ಇತ್ತು. ಅದು ಸಭೆಯಲ್ಲಿ ಹೇಳುವಂಥದ್ದಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಪಾ ಎಂದರೆ ಅಕ್ಕ. ಅವರ ಹೆಸರು ಹಾಜರಿಯಲ್ಲಿ ಮಾತ್ರ ಇತ್ತು. ಹೆಡ್‌ಮಾಸ್ತರರಿಂದ ಹಿಡಿದು ಬಿಸಿಯೂಟದ ಅಡುಗೆಯವಳ ತನಕ ಎಲ್ಲರಿಗೂ ಅವರು ಆಪಾನೇ. ಎತ್ತರದ ಆಳು, ಒಣಕಲು ಮೈ, ಮೂಗಿನ ತುದಿಗೆ ಜಾರುವ ಕನ್ನಡಕ. ಬಸ್ಸಿಳಿದು ಬಂದವರೇ ಬುರ್ಖಾ ತೆಗೆದು, ಮಡಿಸಿ, ಭಾರತದ ನಕಾಶೆ ತೂಗುಹಾಕಿದ ಮೊಳೆಗೇ ಸಿಕ್ಕಿಸುತ್ತಿದ್ದರು. ಮಕ್ಕಳ ಮೇಲೆ ಕೈ ಮಾಡಿದ್ದನ್ನು ನಾನು ಕಂಡಿಲ್ಲ. ಲೆಕ್ಕ ತಪ್ಪಿ ಅಳುವ ಹುಡುಗಿಗೆ ಅವರ ಸಮಾಧಾನ ಒಂದೇ: "ಪಾಟಿ ಒಡದಿಲ್ಲಲಾ? ಒರಸು, ಮತ್ತ ಬರಿ." ಮಗ್ಗಿ ತಪ್ಪಿದವರಿಗೂ ಅದೇ ಮಾತು, ಗಂಡನ ಮನೆಯಿಂದ ಜಗಳಾಡಿ ಬಂದ ಹಳೇ ವಿದ್ಯಾರ್ಥಿನಿಗೂ ಅದೇ ಮಾತು.

ಇಬ್ಬರೂ ಕಲ್ಯಾಣದವರು ನಾವು. ಬಸವಕಲ್ಯಾಣ ಎಂದು ಪೂರ್ತಿ ಹೇಳುವುದು ಹೊರಗಿನವರು. ದಿನಾ ಬೆಳಿಗ್ಗೆ ಒಂದೇ ಬಸ್ಸಿಗೆ ಹುಮನಾಬಾದಿಗೆ ಹೋಗುತ್ತಿದ್ದೆವು. ನಾನು ಕಿಟಕಿಯೊಳಗಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವವಳು, ಆಪಾ ಆ ಕರವಸ್ತ್ರದ ಮೇಲೆ ಧಾರಾಳವಾಗಿ ಕೂರುವವರು. ಕೂತ ಮೇಲೆ ಚೀಲದಿಂದ ಕಿರುಬೆರಳಿನಷ್ಟು ಗಾಜಿನ ಶೀಶೆ ತೆಗೆದು, ಮುಚ್ಚಳದ ಕಡ್ಡಿಯಿಂದ ತಮ್ಮ ಎರಡೂ ಮಣಿಕಟ್ಟಿಗೆ ಹಚ್ಚಿಕೊಳ್ಳುತ್ತಿದ್ದರು. ಅತ್ತರು ಅಂದರೆ ಹಳದಿ, ತಿಳಿ, ಎಣ್ಣೆಯಂಥದ್ದು ಎಂದುಕೊಂಡಿದ್ದ ನನಗೆ ಅದರ ಬಣ್ಣ ನೋಡಿ ಸೋಜಿಗವಾಗಿತ್ತು. ಕಾಕಂಬಿಯ ಹಾಗೆ ಕರ್ರಗೆ, ಮಂದ. ದರ್ಗಾದಲ್ಲಿ ಧೂಪ ಹಾಕುವ ಲೋಬಾನ, ಅಗರಿನ ಊದು, ಅದರ ಜೊತೆ ಸಂಪಿಗೆ ಸೇರಿಸಿ ಮಾಡುತ್ತಾರಂತೆ. ಅವರ ಮನೆಯಲ್ಲಿ ಅದಕ್ಕೆ ಕರಿ ಅತ್ತರು ಎಂದೇ ಹೆಸರು.

"ಶೀಶೆದಾಗ ಇರೋದು ಅರ್ಧಾ ಅತ್ತರ ತಂಗಿ," ಅನ್ನುತ್ತಿದ್ದರು. "ಉಳದ ಅರ್ಧಾ ಮನಷ್ಯಾರ ಮೈಯಾಗ ಇರ್ತದ."

ಖರೆ ಮಾತು. ಆ ಒಂದೇ ಶೀಶೆ ನಮ್ಮ ಸ್ಟಾಫ್ ರೂಮಿನಲ್ಲಿ ಆಡಿದ ಆಟ ಒಂದೆರಡಲ್ಲ. ಹೆಡ್‌ಮಾಸ್ತರರ ಕೈ ಮೇಲೆ ಅದು ಮಳೆಗೆ ನೆನೆದ ಗೋಣಿಚೀಲದ ಹಾಗೆ ನಾರಿತು. ಪಾಪ, ಆ ಮನುಷ್ಯ ಅವತ್ತು ಮಧ್ಯಾಹ್ನದವರೆಗೆ ಸಾಬೂನು ಹುಡುಕುತ್ತಿದ್ದರು. ಆಟದ ಟೀಚರ್ ಕೈಗೆ ಹಚ್ಚಿದರೆ ಹೊಸ ಚಪ್ಪಲಿ ಅಂಗಡಿಯ ಚರ್ಮದ ವಾಸನೆ. ಆಗಷ್ಟೇ ಮದುವೆಯಾಗಿ ಬಂದಿದ್ದ ವಿಜ್ಞಾನದ ಟೀಚರ್ ಕೈ ಮೇಲೆ ಎರಡನೇ ಪಿರಿಯಡ್ಡಿಗೆ ಏನೂ ಉಳಿದಿರಲಿಲ್ಲ, ನೀರು ಹಚ್ಚಿದ ಹಾಗೆ ಆರಿಹೋಗಿತ್ತು. ಬಿಸಿಯೂಟದ ಅಡುಗೆಯವಳ ಕೈಗೆ ಉಳ್ಳಾಗಡ್ಡಿ, ಬೇಳೆಯ ಜೊತೆ ಕೂಡಿ ಮದುವೆ ಮನೆಯ ಬಿರಿಯಾನಿಯ ಘಮ ಬಂದು, ಎಲ್ಲರಿಗೂ ಹೊತ್ತಿಗೆ ಮುಂಚೆ ಹಸಿವಾಯಿತು. ನಾವು ನಕ್ಕಿದ್ದೇ ನಕ್ಕಿದ್ದು. ಆಪಾ ಮಾತ್ರ ನಗುತ್ತಿರಲಿಲ್ಲ. ಪ್ರತಿ ಕೈಯನ್ನೂ ಮೂಸಿ, 'ಇಲ್ಲ' ಎನ್ನುವಂತೆ ತಲೆಯಾಡಿಸಿ, ಸೀಮೆಸುಣ್ಣ ಎತ್ತಿಕೊಂಡು ಕ್ಲಾಸಿಗೆ ಹೋಗುತ್ತಿದ್ದರು.

ಹಾದಿಹೋಕರನ್ನೂ ಬಿಡಲಿಲ್ಲ. ಒಮ್ಮೆ ಬಸ್ಸಿನಲ್ಲಿ ಮನ್ನಾಏಖೇಳ್ಳಿಗೆ ಹೋಗುವ ಮೆಣಸಿನಕಾಯಿ ಮಾರುವ ಹೆಂಗಸು ಪಕ್ಕದಲ್ಲಿ ಕೂತಳು. ಆಪಾ ಆಕೆಯ ಕೈಯನ್ನೂ ಕೇಳಿ ಅತ್ತರು ಹಚ್ಚಿದರು. ಹುಮನಾಬಾದಿನಲ್ಲಿ ಇಳಿದ ಆಕೆ ಮುಂದಿನ ಬಸ್ಸಿಗೆ ಕಾಯುವಷ್ಟು ಹೊತ್ತು ಆಪಾ ಕೂಡ ಸ್ಟ್ಯಾಂಡಿನಲ್ಲಿ ಕಾದರು, ವಾಸನೆ ಮಾಗಲಿ ಎಂದು. ಆಕೆ ನನ್ನ ಕಡೆ ನೋಡಿ, ಅಕ್ಕೋರಿಗೆ ಏನಾಗ್ಯಾದ್ರಿ ಎಂದು ಕಣ್ಣಿನಲ್ಲೇ ಕೇಳಿದಳು. ಸಮಯಪಾಲನೆಯ ಆಪಾ ಅವತ್ತು ಪ್ರಾರ್ಥನೆಗೆ ತಡವಾಗಿ ಬಂದರು.

ಕೈ ಕೊಡದೆ ತಪ್ಪಿಸಿಕೊಂಡವಳು ನಾನೊಬ್ಬಳೇ. ನನಗೆ ಅತ್ತರೆಂದರೆ ತಲೆನೋವು. ಒಂದು ಶನಿವಾರ ಬಸ್ಸಿನಲ್ಲಿ ನಿದ್ದೆ ಹತ್ತಿದಾಗ ಕೇಳದೆಯೇ ಹಚ್ಚಿಬಿಟ್ಟರು. ಎದ್ದು ಬೈದೆ. ಹುಮನಾಬಾದ್ ಬರುವ ತನಕ ಕೈಯಿಂದ ದರ್ಗಾದ ಹೊಗೆಯಂಥ ವಾಸನೆ, ಮತ್ತೇನಿಲ್ಲ. ಎರಡನೇ ಪಿರಿಯಡ್ಡಿನಲ್ಲಿ ಪದ್ಯ ಓದಿಸುತ್ತಿದ್ದಾಗ ಎಲ್ಲಿಂದಲೋ ಸಂಪಿಗೆ ಬಂತು. ಕಿಟಕಿ ಕಡೆ ನೋಡಿದೆ, ಅಲ್ಲಿ ಬೇವಿನ ಗಿಡ ಬಿಟ್ಟರೆ ಏನಿಲ್ಲ. ಆಮೇಲೆ ತಿಳಿಯಿತು, ನನ್ನ ಕೈಯೇ. ಹೊಗೆ ಕೆಳಗಿಳಿದು, ಬೆಲ್ಲದ ಪಾಕದಲ್ಲಿ ಅದ್ದಿದ ಸಂಪಿಗೆಯಂಥ ಸಿಹಿ ವಾಸನೆ ಮೇಲೆದ್ದಿತ್ತು. ಸ್ಟಾಫ್ ರೂಮಿಗೆ ಬಂದು ಆಪಾ ಮುಂದೆ ಕೈ ಚಾಚಿದೆ, ಸಿಟ್ಟೂ ಮರೆತಿತ್ತು. ಅವರು ಮೂಸಿದರು. ಕನ್ನಡಕ ತೆಗೆದು ಮತ್ತೆ ಮೂಸಿದರು. ನಂತರ ಕುರ್ಚಿ ಎಲ್ಲಿದೆ ಎಂದು ಕೈಯಿಂದ ತಡವಿ ಕೂತುಬಿಟ್ಟರು. ಮುಂದಿನ ಕ್ಲಾಸಿಗೆ ಹೋಗಲಿಲ್ಲ.

ವಾಪಸು ಬಸ್ಸಿನಲ್ಲಿ ಎಲ್ಲ ಹೇಳಿದರು. ಆಪಾ ಮದುವೆಯಾದವರಲ್ಲ. ಕೋಟೆ ಕಡೆಯ ಓಣಿಯಲ್ಲಿ ಅವರು ಮತ್ತು ಅವರ ತಾಯಿ, ಇಬ್ಬರೇ. ಒಬ್ಬಳು ತಂಗಿ ಇದ್ದಳು. ಇಬ್ಬರೂ ಸಣ್ಣವರಿದ್ದಾಗ ಪ್ರತಿ ಶುಕ್ರವಾರ ಎರೆದುಕೊಂಡ ಮೇಲೆ ತಾಯಿ ಇಬ್ಬರ ಕಿವಿಯ ಹಿಂದೆಯೂ ಈ ಕರಿ ಅತ್ತರು ಹಚ್ಚುತ್ತಿದ್ದರು. ಅದೇ ಶೀಶೆ, ಅದೇ ಬೆರಳು. ತಂಗಿಯ ಮೈ ಮೇಲೆ ಅದು ಸಂಪಿಗೆಯಾಗುತ್ತಿತ್ತು. ಅಕ್ಕನ ಮೈ ಮೇಲೆ ಹೂವು ಕ್ಷಣದಲ್ಲಿ ಸತ್ತು ಬರೀ ಲೋಬಾನ ಉಳಿಯುತ್ತಿತ್ತು. ತಾಯಿ ಚೇಷ್ಟೆಗೆ ಒಬ್ಬಳನ್ನು 'ನನ್ನ ಸಂಪಿಗಿ', ಇನ್ನೊಬ್ಬಳನ್ನು 'ನನ್ನ ದರ್ಗಾ' ಎಂದು ಕರೆಯುತ್ತಿದ್ದರಂತೆ. ಕರೆಂಟು ಹೋದ ಸಂಜೆ ಯಾರು ಹತ್ತಿರ ಬಂದರೂ ವಾಸನೆಯಿಂದಲೇ ಗುರುತಿಸಿ ಹೆಸರು ಹಿಡಿಯುತ್ತಿದ್ದರಂತೆ.

ತಂಗಿಯನ್ನು ಕೊಡಂಬಲಕ್ಕೆ ಕೊಟ್ಟರು. ಅಲ್ಲೇ ಜ್ವರ ಬಂದು ತೀರಿಕೊಂಡಳು. ತಾಯಿ ಮನೆಯಲ್ಲಿ ದಿನಗಟ್ಟಲೆ ಲೋಬಾನ ಉರಿಯಿತು. ಸತ್ತವರ ಮನೆಯಲ್ಲಿ ಉರಿಸುವ ರೂಢಿ. ತಾಯಿ ಆ ಹೊಗೆಯಲ್ಲೇ ಕೂತರು. ಮುಂದೆ ವಯಸ್ಸಾಯಿತು, ಕಣ್ಣಿಗೆ ಪೊರೆ ಬಂತು, ನೆನಪು ಒಂದೊಂದಾಗಿ ಅಳಿಯಿತು. ಊರು ಹೋಯಿತು, ಗಂಡನ ಮುಖ ಹೋಯಿತು, ಮಗಳು ಸತ್ತದ್ದೂ ಹೋಯಿತು. ಮೂಗು ಮಾತ್ರ ಉಳಿಯಿತು. ಆ ಮೂಗಿಗೆ ಲೋಬಾನ ಅಂದರೆ ಸಾವು ಎಂಬುದೂ ಉಳಿದುಬಿಟ್ಟಿತು.

ಹೀಗಾಗಿ ಆಪಾ ಹತ್ತಿರ ಹೋದರೆ ಸಾಕು, ಮುದುಕಿ ಮೂಸಿ ನೋಡಿ ಸೆರಗು ತಲೆ ಮೇಲೆ ಎಳೆದುಕೊಳ್ಳುತ್ತಿದ್ದರು. ಯಾರದೋ ಸಾವಿನ ಮನೆಯಿಂದ ಬಂದ ಹೆಂಗಸು ಎಂದುಕೊಂಡು, "ಯಾರ್ ಹ್ವಾದ್ರ ಯವ್ವಾ?" ಎಂದು ಕೇಳುತ್ತಿದ್ದರು. ಆಪಾ ದಿನಾ ಒಂದೇ ಉತ್ತರ ಹೇಳುತ್ತಿದ್ದರು: "ಯಾರೂ ಇಲ್ಲ ಅಮ್ಮಿ, ಎಲ್ಲಾರೂ ಆರಾಮ್ ಅದಾರ."

ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಸಂಕಟ ಊಟದ್ದು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಅನ್ನ ತಂದು ಉಣಿಸಬೇಕು. ಅದು ಆ ಓಣಿಯ ರೂಢಿ, ನಮ್ಮ ಓಣಿಯಲ್ಲೂ ಅದೇ. ಮುದುಕಿ ಎಲ್ಲ ಮರೆತರೂ ಇದನ್ನು ಮರೆತಿರಲಿಲ್ಲ. ಆಪಾ ರೊಟ್ಟಿ ಮುರಿದು ಬಾಯಿಗಿಟ್ಟರೆ ಕೈ ತಡೆದು, ನಿನ್ನ ಮನೆಯಲ್ಲಿ ಸಾವಾಗಿದೆ, ನೀನು ಯಾಕೆ ಅಡುಗೆ ಮಾಡಿದೆ, ನೀನು ಉಣ್ಣು ಎಂದು ಆ ತುತ್ತನ್ನು ಆಪಾ ಬಾಯಿಗೇ ತುರುಕುತ್ತಿದ್ದರು. ತಾವು ಮುಟ್ಟುತ್ತಿರಲಿಲ್ಲ. ಹೀಗೆ ತಾಯಿ ದಿನದಿಂದ ದಿನಕ್ಕೆ ಬತ್ತುತ್ತಾ ಹೋದರು.

ಅತ್ತರು ಬಿಟ್ಟುಬಿಡಿ ಎಂದೆ, ಸಿಡುಕಿಯೇ ಎಂದೆ. ಬಿಟ್ಟು ನೋಡಿದ್ದರು. ವಾಸನೆಯಿಲ್ಲದ ಮೈ ಹತ್ತಿರ ಬಂದರೆ ಮುದುಕಿ ಕಳ್ಳರು ಹೊಕ್ಕರು ಎಂದು ಚೀರಿ ಓಣಿ ಸೇರಿಸುತ್ತಿದ್ದರಂತೆ. ಬಟ್ಟೆಗೆ ಹಚ್ಚಿ ನೋಡಿದ್ದರು. ಅಂಗಡಿ ವಾಸನೆ ಎಂದು ಮುಖ ತಿರುಗಿಸಿದರಂತೆ. ತಂಗಿಯ ಹಳೇ ಓಢಣಿ ಹೊದ್ದು ನೋಡಿದ್ದರು. ಅದರಲ್ಲಿ ಟ್ರಂಕಿನ ವಾಸನೆ ಬಿಟ್ಟು ಏನೂ ಉಳಿದಿರಲಿಲ್ಲ. ಬರೀ ಸಂಪಿಗೆ ಎಣ್ಣೆ ಹಚ್ಚಿಕೊಂಡು ನೋಡಿದ್ದರು, ಅದರ ಗುರುತೂ ಹತ್ತಲಿಲ್ಲವಂತೆ. ಕಡೆಗೆ ಅತ್ತರಿನ ಅಂಗಡಿಯವನ ಮುಂದೆ ಹೋಗಿ ನಿಂತರೆ ಅವನು, ಅತ್ತರ ಬದ್ಲಿ ಮಾಡಿ ಕೊಡ್ತೀನ್ರಿ, ಮೈ ಎಲ್ಲಿಂದ ತರಲಿ ಅಂದನಂತೆ. ಅವತ್ತಿನಿಂದಲೇ ಆಪಾ ಊರವರ ಕೈ ಮೂಸಲು ಶುರು ಮಾಡಿದ್ದು.

ಇಷ್ಟು ಕೇಳಿದ ಮೇಲೆ ಬರುವುದಿಲ್ಲ ಎನ್ನಲು ನನಗೇನು ಕಲ್ಲಿನ ಎದೆಯೇ? ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬಸ್ಸಿನಲ್ಲೇ ಅತ್ತರು ಹಚ್ಚಿಸಿಕೊಂಡು, ಆಪಾ ಮನೆಯ ಕಟ್ಟೆ ಮೇಲೆ ಸಂಪಿಗೆ ಏಳುವ ತನಕ ಕಾದು, ಒಳಗೆ ಹೋದೆ. ಹಗ್ಗದ ಹೊರಸಿನ ಮೇಲೆ ಹಿಡಿಯಷ್ಟು ಮುದುಕಿ. ಮನೆಮಾತು ಉರ್ದುವಾದರೂ ಮುಡಬಿಯಲ್ಲಿ ಹುಟ್ಟಿ ಹೊಲದಲ್ಲಿ ಬೆಳೆದವರು, ನಾಲಿಗೆಗೆ ಕನ್ನಡವೇ ಮೊದಲು ಬರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಕೈ ಕೊಟ್ಟೆ. ಮೂಸಿದರು. ಅಷ್ಟೂ ಸುಕ್ಕಿನ ಮುಖ ಒಮ್ಮೆಲೇ ಅರಳಿತು. ನನ್ನ ಕೆನ್ನೆ, ಕಿವಿ, ಜಡೆ ಎಲ್ಲ ತಡವಿದರು.

"ಬಂದ್ಯಾ?" ಅಂದರು. "ಕೊಡಂಬಲದಿಂದ ಮುಂಜಾನೆ ಬಿಟ್ಟಿದ್ದಿ?"

ನಾನು ಆಪಾ ಕಡೆ ನೋಡಿದೆ. ಬಾಗಿಲ ಹತ್ತಿರ ಗಂಜಿಯ ಬಟ್ಟಲು ಹಿಡಿದು ನಿಂತ ಆಪಾ, ಹೌದು ಅನ್ನು ಎಂದು ಕಣ್ಸನ್ನೆ ಮಾಡಿದರು. ಹೌದು ಅಂದೆ. ಮುದುಕಿ ನನ್ನ ಕೈಯಿಂದ ಅಷ್ಟೂ ಗಂಜಿ ಕುಡಿದರು. ಕುಡಿಯುತ್ತಾ ಕುಡಿಯುತ್ತಾ ದೂರು ಶುರುವಾಯಿತು: ನಿಮ್ಮಕ್ಕ ನೋಡು, ನೌಕರಿ ಸಿಕ್ಕ ಮೇಲೆ ತಾಯಿನ್ನ ಮರೆತಳು, ಒಮ್ಮೆಯೂ ಬಂದು ಮಾರಿ ತೋರಿಸಲಿಲ್ಲ, ಯಾರೋ ಸಾವಿನ ಮನೆಯ ಹೆಂಗಸನ್ನು ನನ್ನ ಹತ್ತಿರ ಬಿಟ್ಟು ಹೋಗಿದ್ದಾಳೆ. ಆಪಾ ಬಟ್ಟಲು ತೆಗೆದುಕೊಂಡು ಬಚ್ಚಲಿಗೆ ಹೋದರು. ಒಂದು ಬಟ್ಟಲು ತೊಳೆಯಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಮನೆಗೆ ಬಂದರೆ ನನ್ನ ಅತ್ತೆ ಬಾಗಿಲಲ್ಲೇ ಮೂಗು ಅರಳಿಸಿದರು. ಏನಿದು ವಾಸನೆ, ಎಲ್ಲಿಗೆ ಹೋಗಿದ್ದೆ ಎಂದು ವಿಚಾರಣೆ. ಹೇಳಿದೆ. ಹಿರಿಯ ಜೀವ, ಸುಮ್ಮನೆ ಕೇಳಿ, ಮುಂದಿನ ಶನಿವಾರ ನಾನು ಹೊರಡುವ ಹೊತ್ತಿಗೆ ಡಬ್ಬಿಯಲ್ಲಿ ಮೆತ್ತನೆಯ ಹುಗ್ಗಿ ಹಾಕಿ ಕೊಟ್ಟರು. ಆಮೇಲೆ ಮೆಲ್ಲಗೆ, ಆ ಶೀಶೆ ಒಮ್ಮೆ ತಂದು ನನ್ನ ಕೈಗೂ ಹಚ್ಚು, ನೋಡೋಣ ಏನು ವಾಸನೆ ಬರ್ತದ ಅಂದರು. ಬಂದದ್ದು ವಿಭೂತಿಯ ವಾಸನೆ. ಅತ್ತೆಗೆ ಆದ ಸಂತೋಷ ಹೇಳತೀರದು.

ಹೀಗೆ ಶನಿವಾರಗಳು ನಡೆದವು. ಒಂದು ದಿನ ಚೆನ್ನಾಗಿ ಉಂಡು, ಆರು ದಿನ ಅರೆಹೊಟ್ಟೆ. ಉಳಿದ ದಿನ ನನಗೆ ನನ್ನ ಮನೆ, ನನ್ನ ಮಕ್ಕಳು, ಗಣತಿಯ ಡ್ಯೂಟಿ. ದಿನಾ ಬರಲಾರೆ ಎಂದು ಹೇಳಬೇಕಾದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಆಪಾ ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಬಸ್ಸಿನಲ್ಲಿ ಅಪರೂಪಕ್ಕೊಮ್ಮೆ, "ಜರಾ ಕೈ ಕೊಡು ತಂಗಿ. ಇವತ್ತ ನನ್ನ ಸಲುವಾಗಿ" ಎಂದು ನನ್ನ ಮಣಿಕಟ್ಟು ಮೂಗಿನ ಹತ್ತಿರ ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ಸತ್ತದ್ದು ಅವರ ತಂಗಿಯೂ ಹೌದಲ್ಲ. ಅದು ನಮಗ್ಯಾರಿಗೂ ನೆನಪಿಗೇ ಬರುತ್ತಿರಲಿಲ್ಲ.

ನನಗೆ ತಡೆಯದಾಯಿತು ಒಂದು ಸಲ. ನನಗೆ ಸಿಗುತ್ತಿದ್ದ ಮುದ್ದೆಲ್ಲ ಯಾರದೋ ಪಾಲಿನದು. ಹೇಲು ಉಚ್ಚೆ ಬಳಿಯುವವರು ಒಬ್ಬರು, ಮುದ್ದು ಮಾಡಿಸಿಕೊಳ್ಳುವವಳು ನಾನು! ಆಪಾ ಬೇಡ ಬೇಡ ಎಂದರೂ ಅವರ ಕೈ ಎಳೆದು ಮುದುಕಿಯ ಕೈಯಲ್ಲಿಟ್ಟೆ.

"ಅಮ್ಮಿ, ಈಕಿನೇ ನಿಮ್ಮ ಹಿರಿ ಮಗಳ್ರಿ. ನೋಡ್ರಿ, ಇಲ್ಲೇ ಅದಾಳ."

ಮುದುಕಿ ಮೂಸಿದರು. ಸೆರಗು ತಲೆ ಮೇಲೆ ಹೋಯಿತು. "ಇಲ್ಲ ಬೇಟಾ," ಅಂದರು ನನಗೆ, ಗುಟ್ಟು ಹೇಳುವ ದನಿಯಲ್ಲಿ. "ಪಾಪ, ಈಕಿ ಮನ್ಯಾಗ ಯಾರೋ ತೀರ್ಕೊಂಡಾರ. ಆಕಿನ್ನ ಕಾಡಬ್ಯಾಡ."

ಆಪಾ ನನ್ನನ್ನು ಬೈಯಲಿಲ್ಲ. ಓಣಿ ಬಾಯಿತನಕ ಕಳಿಸಲು ಬಂದರು. ತಮ್ಮ ಮಾಮೂಲಿ ಮಾತು ಹೇಳುತ್ತಾರೆ ಎಂದುಕೊಂಡೆ, ಒರಸು, ಮತ್ತ ಬರಿ ಎಂದು. ಹೇಳಲಿಲ್ಲ. ಅವರು ಬಯಸಿದ್ದು ದೊಡ್ಡದೇನಲ್ಲ. ಅಮ್ಮಿ ಹೋಗುವ ಮೊದಲು ಒಮ್ಮೆ, ಒಂದೇ ಒಮ್ಮೆ, 'ಬಂದ್ಯಾ' ಎಂದು ತಮಗೆ ಅನ್ನಲಿ ಎಂಬುದು. ಅದನ್ನು ಅವತ್ತು ಆಟೋಕ್ಕೆ ಕಾಯುತ್ತಾ ಬಾಯಿಬಿಟ್ಟು ಹೇಳಿದರು. ನಾನು ಆಟೋ ಹತ್ತಿದೆ.

ಕೊನೆಯ ಶನಿವಾರಕ್ಕೆ ಮುದುಕಿ ಎರಡು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಡಾಕ್ಟರು ಬಂದು, ಇನ್ನು ಸಲೈನ್ ಹಚ್ಚಿ ಹಿಂಸೆ ಕೊಡಬೇಡಿ ಎಂದು ಹೋಗಿದ್ದರು. ನಾನು ಹೊಗೆ ಇಳಿದು ಸಂಪಿಗೆ ಏಳುವ ತನಕ ಹೊರಗೆ ಕಟ್ಟೆ ಮೇಲೆ ಕಾದು, ಒಳಗೆ ಹೋಗಿ ಕೈ ಕೊಟ್ಟೆ. ಮುದುಕಿ ಮೂಗಿನ ಹತ್ತಿರ ಹಿಡಿದರು. ಹಿಡಿದೇ ಇದ್ದರು. ಮುಖದಲ್ಲಿ ಏನೂ ಆಗಲಿಲ್ಲ. ಇನ್ನೊಂದು ಕೈ ಕೊಟ್ಟೆ. ಅದನ್ನೂ ಮೂಸಿ, ಯಾರದೋ ಸಾಮಾನು ಎನ್ನುವಂತೆ ಮೆಲ್ಲಗೆ ಹೊರಸಿನ ಮೇಲಿಟ್ಟರು. ಅಷ್ಟು ತೆಳ್ಳಗಿನ ಹೂವಿನ ವಾಸನೆ ಆ ಮೂಗಿಗೆ ಇನ್ನು ಮುಟ್ಟುವಂತಿರಲಿಲ್ಲ. ನನ್ನ ಕೈಗೆ ಇದ್ದ ಒಂದೇ ಗುಣವೂ ಹೋಯಿತು. ಹುಗ್ಗಿಯ ಡಬ್ಬಿ ಹಿಡಿದು ಗೋಡೆಗೆ ಆತುಕೊಂಡು ನಿಂತೆ.

ಆಪಾ ದಿಂಬು ಸರಿ ಮಾಡಲು ಬಾಗಿದರು. ಲೋಬಾನ ಮಾತ್ರ ಇನ್ನೂ ಮುಟ್ಟುತ್ತಿತ್ತು. ಮುದುಕಿ ಸೆರಗು ಹುಡುಕಿ ತಲೆ ಮೇಲೆ ಎಳೆದುಕೊಂಡರು.

"ಯಾರ್ ಹ್ವಾದ್ರ ಯವ್ವಾ?"

ಯಾರೂ ಇಲ್ಲ ಅಮ್ಮಿ ಎನ್ನುತ್ತಾರೆ ಎಂದು ನಾನು ಕಾದೆ. ಆಪಾ ಹೊರಸಿನ ಪಕ್ಕ ನೆಲಕ್ಕೆ ಕುಸಿದು ಕೂತರು.

"ನಮ್ಮ ಅಮ್ಮಿ ಹೊಂಟಾಳ್ರಿ," ಅಂದರು.

ಮುದುಕಿ ಎರಡೂ ಕೈಯಿಂದ ಆಪಾ ತಲೆ ಹಿಡಿದು ತಮ್ಮ ಎದೆಗೆ ಒತ್ತಿಕೊಂಡರು. ನರೆತ ಕೂದಲಲ್ಲಿ ಬೆರಳಾಡಿಸಿದರು. ಆಪಾ ಅತ್ತರು. ಅಷ್ಟು ವರ್ಷ ಜೊತೆಗಿದ್ದವಳು ನಾನು, ಅವರು ಅತ್ತದ್ದನ್ನು ಅವತ್ತೇ ನೋಡಿದ್ದು. ಆಕೆಗೆ ಉಣ್ಣಲು ಏನಾದರೂ ತಾ ಎಂದು ಮುದುಕಿ ನನಗೆ ಹೇಳಿದರು. ಡಬ್ಬಿ ಬಿಚ್ಚಿ ಕೊಟ್ಟೆ. ತಡವಿ ಒಂದು ತುತ್ತು ತೆಗೆದು ಆಪಾ ಬಾಯಿಗಿಟ್ಟರು. ನೀವೂ ಉಣ್ರಿ ಎಂದು ಆಪಾ ಬೇಡಿಕೊಂಡ ಮೇಲೆ, ದುಃಖದಲ್ಲಿದ್ದವರ ಮಾತು ಮೀರಬಾರದು ಎಂದೋ ಏನೋ, ತಾವೂ ಒಂದು ಅಗುಳು ಬಾಯಿಗೆ ಹಾಕಿಕೊಂಡರು.

"ಅಳು ಯವ್ವಾ, ಅತ್ತ ಬಿಡು," ಅಂದರು. "ನನಗೂ ಒಬ್ಬಾಕಿ ಹಿರಿ ಮಗಳ ಅದಾಳ. ಶಾಲಿಗಿ ಹೋಗ್ಯಾಳ. ಭಾಳ ಛಲೋ ಹುಡುಗಿ. ಆಕಿ ಇರೋತನಕ ನನಗ ಯಾತರ ಚಿಂತಿನೂ ಇಲ್ಲ."

"ಹೌದೇನ್ರಿ?" ಅಂದರು ಆಪಾ, ಎದೆಯಿಂದ ಮುಖ ಎತ್ತದೆ.

"ಹ್ಞೂಂ. ಈಗ ಬರ್ತಾಳ. ಬಂದ್ಳಂದ್ರ ನಿನಗ ಚಾ ಮಾಡಿ ಕೊಡ್ತಾಳ. ಆಕಿ ಬರೋತನಕ ಇಲ್ಲೇ ಕುಂದ್ರು."

ಆಪಾ ಕೂತರು.